ತೀರ್ಥನ್ ನದಿಗೆ ಟ್ರೌಟ್ ಹಿಡಿಯಲು ಹೊರಟವರಿಗೆ

ಬೆಂಗಳೂರಿನಿಂದ ಹಿಮಾಚಲಕ್ಕೆ ಹೊರಟವರು ಹೆಚ್ಚಾಗಿ ನೇರ ಮನಾಲಿಗೇ ಹೋಗುತ್ತಾರೆ. ಟ್ರೌಟ್ ಮೀನಿಗೆ ಫ್ಲೈ ಗಾಳ (ಹುಳದ ಹಾಗೆ ಕಾಣುವ ಕೊಕ್ಕೆಯ ಗಾಳ) ಹಾಕುವ ಆಸೆ ಇದ್ದರೆ ಅಷ್ಟು ದೂರ ಹೋಗಬೇಡಿ, ಔಟ್ ಎಂಬಲ್ಲಿ ಇಳಿದುಬಿಡಿ. ಅಲ್ಲಿಂದ ಲಾರ್ಜಿಗೆ ಹೋಗಿ, ಮುಂದೆ ಬಂಜಾರ್ ದಾಟಿ ಗುಶೈನಿ ಕಡೆಗೆ ಹೋಗುವ ರಸ್ತೆಯುದ್ದಕ್ಕೂ ತೀರ್ಥನ್ ನದಿ ಪಕ್ಕದಲ್ಲೇ ಹರಿಯುತ್ತದೆ. ಚಂಡೀಗಢದವರೆಗೆ ವಿಮಾನ, ಮುಂದೆ ಬಸ್ಸೋ ಟ್ಯಾಕ್ಸಿಯೋ ಹಿಡಿದರೆ ಸುಲಭ. ಬೆಟ್ಟದ ದಾರಿಗೆ ಒಂದು ಇಡೀ ದಿನ ಇಟ್ಟುಕೊಳ್ಳಿ.

ಯಾವಾಗ ಹೋಗಬೇಕು? ನವೆಂಬರ್‌ನಿಂದ ಫೆಬ್ರವರಿವರೆಗೆ ಮೀನು ಮರಿ ಮಾಡುವ ಕಾಲ, ಗಾಳಕ್ಕೆ ನಿಷೇಧ ಇರುತ್ತದೆ. ಮಾರ್ಚ್, ಏಪ್ರಿಲ್ ಚೆನ್ನಾಗಿರುತ್ತದೆ. ಮೇ, ಜೂನ್‌ನಲ್ಲಿ ಹಿಮ ಕರಗಿ ನೀರು ಏರುತ್ತದೆ. ಜುಲೈ, ಆಗಸ್ಟ್ ಬೇಡವೇ ಬೇಡ. ನೀರು ರಾಡಿಯಾಗಿರುತ್ತದೆ, ಮೇಲೆ ಭೂಕುಸಿತದ ಭಯ. 2023ರ ಜುಲೈ ಮಳೆಗೆ ಕುಲ್ಲು, ಮಂಡಿ ಕಡೆ ರಸ್ತೆಗಳೇ ಕೊಚ್ಚಿಹೋಗಿದ್ದವು. ನಮ್ಮ ದಸರಾ ರಜೆಯೇ ಸರಿಯಾದ ಸಮಯ. ನೀರು ತಿಳಿಯಾಗಿರುತ್ತದೆ, ಮಕ್ಕಳಿಗೂ ರಜೆ. ಒಂದು ವಿಷಯ ಮಾತ್ರ ನೆನಪಿರಲಿ: ಮೈಸೂರಲ್ಲಿ ದಸರಾ ಮುಗಿಯುವ ವಿಜಯದಶಮಿಯಂದೇ ಕುಲ್ಲು ದಸರಾ ಶುರುವಾಗುತ್ತದೆ! ಆ ವಾರ ರೂಮು, ಟ್ಯಾಕ್ಸಿ ಎಲ್ಲಕ್ಕೂ ಜಾಸ್ತಿ ಬೇಡಿಕೆ.

ಟ್ರೌಟ್ ನಮ್ಮ ದೇಶದ ಮೀನಲ್ಲ. 1900ರ ಹೊತ್ತಿಗೆ ಬ್ರಿಟಿಷರು ಮೊಟ್ಟೆಗಳನ್ನು ಹಡಗಿನಲ್ಲಿ ತರಿಸಿ ಕಾಶ್ಮೀರದಲ್ಲಿ ಬೆಳೆಸಿದರು, ಅಲ್ಲಿಂದ ಕುಲ್ಲು ಕಣಿವೆಗೂ ಬಂತು. ತಣ್ಣಗಿನ, ಓಡುವ ನೀರು ಬೇಕು ಅದಕ್ಕೆ. ಅದಕ್ಕೇ ನಮ್ಮ ಬಯಲುಸೀಮೆಯ ಕೆರೆಗಳಲ್ಲಿ ಬದುಕುವುದಿಲ್ಲ.

ಹೊರಡುವವರು ಮೊದಲು ಕೇಳುವುದು ರಾಡ್ ಯಾವುದು, ರೀಲ್ ಯಾವುದು ಅಂತ. ನನ್ನ ಪ್ರಕಾರ ಅದು ಆಮೇಲಿನ ಮಾತು. ಒಂಬತ್ತು ಅಡಿಯ, ನಾಲ್ಕು ಅಥವಾ ಐದನೇ ನಂಬರಿನ (ನಂಬರು ಅಂದರೆ ಅದಕ್ಕೆ ಹೊಂದುವ ಲೈನಿನ ತೂಕ) ಸಾಧಾರಣ ರಾಡ್, ತೇಲುವ ಲೈನ್ ಅಂದರೆ ದಾರ ಸಾಕು. ದುಡ್ಡಿಗಿಂತ ಮುಂಚೆ ಕೈಗೆ ಅಭ್ಯಾಸ ಬೇಕು, ಅದನ್ನು ಬೆಂಗಳೂರಲ್ಲೇ ಮುಗಿಸಿಕೊಂಡು ಹೋಗಿ. ನದಿಯ ಮುಂದೆ ನಿಂತು ಕಲಿಯುತ್ತೇನೆ ಅಂದರೆ ಅರ್ಧ ಪ್ರವಾಸ ಮರದ ಕೊಂಬೆಯಿಂದ ಗಾಳ ಬಿಡಿಸುವುದರಲ್ಲೇ ಕಳೆದುಹೋಗುತ್ತದೆ.

ಮಾಮೂಲಿ ಗಾಳದಲ್ಲಿ ತುದಿಯ ಭಾರ ದಾರವನ್ನು ಎಳೆದುಕೊಂಡು ಹೋಗುತ್ತದೆ. ಇಲ್ಲಿ ಫ್ಲೈಗೆ ತೂಕವೇ ಇಲ್ಲ ಅನ್ನಬಹುದು. ಗರಿ, ನೂಲು ಸುತ್ತಿ ಹುಳದ ಹಾಗೆ ಮಾಡಿದ ಪುಟ್ಟ ಕೊಕ್ಕೆ ಅಷ್ಟೇ. ತೂಕ ಇರುವುದು ಲೈನಿಗೆ, ಬೀಸಬೇಕಾದ್ದೂ ಲೈನನ್ನೇ. ರಾಡನ್ನು ಹಿಂದಕ್ಕೆ ತಂದು ನಿಲ್ಲಿಸಿ. ಬೆನ್ನ ಹಿಂದೆ ಲೈನ್ ಪೂರ್ತಿ ನೆಟ್ಟಗಾಗುವವರೆಗೆ ಕಾಯಿರಿ. ಆಮೇಲೆ ಮುಂದಕ್ಕೆ. ಕ್ರಿಕೆಟ್ ಆಡಿದವರಿಗೆ ಆ ಕಾಯುವುದೇ ಕಷ್ಟ, ಬೌಂಡರಿಯಿಂದ ಬಾಲ್ ಎಸೆದ ಹಾಗೆ ಬೀಸಿಬಿಡುತ್ತಾರೆ. ಬಡಾವಣೆಯ ಆಟದ ಮೈದಾನದಲ್ಲಿ ಬೆಳಗ್ಗೆ ಬೇಗ ಹೋಗಿ, ಕೊಕ್ಕೆ ಬದಲು ಉಲ್ಲನ್ ಚೂರು ಕಟ್ಟಿ ಬೀಸಿ ನೋಡಿ. "ಅಂಕಲ್, ಇಲ್ಲಿ ಮೀನು ಎಲ್ಲಿದೆ?" ಅಂತ ಹುಡುಗರು ಕೇಳೇ ಕೇಳ್ತಾರೆ. ನಕ್ಕು ಸುಮ್ನೆ ಮುಂದುವರಿಸಿ. ಇಪ್ಪತ್ತು, ಮೂವತ್ತು ಅಡಿ ದೂರಕ್ಕೆ ಮೆಲ್ಲಗೆ ಇಳಿಸಲು ಬಂದರೆ ತೀರ್ಥನ್‌ಗೆ ಸಾಕು.

ಪರ್ಮಿಟ್ ಇಲ್ಲದೆ ನೀರಿಗಿಳಿಯಬೇಡಿ. ಹಿಮಾಚಲದ ಮೀನುಗಾರಿಕೆ ಇಲಾಖೆ ಕೊಡುತ್ತದೆ, ಹೋಮ್‌ಸ್ಟೇಯವರನ್ನು ಕೇಳಿದರೆ ದಾರಿ ತೋರಿಸುತ್ತಾರೆ. ಎಲ್ಲಿ ಹಿಡಿಯಬಹುದು, ಎಷ್ಟು ಉದ್ದದ ಮೀನು ಇಟ್ಟುಕೊಳ್ಳಬಹುದು ಅಂತ ಆಗಲೇ ಕೇಳಿ ತಿಳಿದುಕೊಳ್ಳಿ. ಮೊದಲ ದಿನವಾದರೂ ಊರಿನ ಗೈಡ್ ಒಬ್ಬರನ್ನು ಕರೆದುಕೊಳ್ಳಿ. ನನ್ನ ಜೊತೆ ಬಂದ ಗೈಡ್ ಮೊದಲು ನೀರಿಗೇ ಇಳಿಯಬಿಡಲಿಲ್ಲ. ದಡದ ಪಕ್ಕದ ಮೀನೇ ಮೊದಲು ಬೆದರುವುದು, ಅಲ್ಲಿಂದಲೇ ಶುರು ಮಾಡಿ ಅಂದರು. ಟ್ರೌಟ್ ಹರಿವಿಗೆ ಎದುರಾಗಿ ಮುಖ ಮಾಡಿ ನಿಲ್ಲುತ್ತದೆ. ಅದಕ್ಕೆ ನಾವು ಕೆಳಗಿನಿಂದ, ಅದರ ಬೆನ್ನ ಕಡೆಯಿಂದ ಬರಬೇಕು.

ದೊಡ್ಡ ಬಂಡೆಯ ಹಿಂದೆ ನೀರು ತುಸು ಮೆತ್ತಗಾಗುವ ಜಾಗ ನೋಡಿ ಫ್ಲೈ ಬಿಡಿ. ಮೀನು ಕಚ್ಚಿದ್ದು ಗೊತ್ತಾಗಲಿ ಅಂತ ಲೈನಿಗೆ ಕಟ್ಟಿದ ಕಿತ್ತಳೆ ಬಣ್ಣದ ಉಲ್ಲನ್ ತೇಲಿಕೊಂಡು ಬರುತ್ತಿರುತ್ತದೆ. ಅದು ಚೂರು ತಡೆದರೂ ರಾಡ್ ಎತ್ತಿಬಿಡಿ. ಅದು ಕಲ್ಲೋ ಮೀನೋ ಅಂತ ಯೋಚಿಸುತ್ತಾ ನಿಂತರೆ ಮೀನು ಫ್ಲೈ ಉಗುಳಿ ಹೋಗಿರುತ್ತದೆ. ಸಿಕ್ಕಿದ ಬ್ರೌನ್ ಟ್ರೌಟ್‌ನ ಪಕ್ಕೆ ನೋಡಿ: ಬೆಣ್ಣೆ ಹಳದಿ ಮೈ, ಅದರ ಮೇಲೆ ಕೆಂಪು ಚುಕ್ಕೆ, ಚುಕ್ಕೆ ಸುತ್ತ ಮಸುಕು ಬಿಳಿ ಉಂಗುರ. ಒಣ ಕೈಯಲ್ಲಿ ಮುಟ್ಟಬೇಡಿ, ಮೈ ಮೇಲಿನ ಲೋಳೆ ಹೋಗುತ್ತದೆ. ಕೊಕ್ಕೆಯ ತುದಿಯ ಹತ್ತಿರ ಹಿಂದಕ್ಕೆ ಚಾಚಿರುವ ಮುಳ್ಳನ್ನು ಮೊದಲೇ ಇಕ್ಕಳದಿಂದ ಅಮುಕಿಟ್ಟಿದ್ದರೆ ಬಿಡಿಸುವುದು ಕ್ಷಣದ ಕೆಲಸ. ತಿನ್ನಬೇಕಾ? ಆ ಕಣಿವೆಯಲ್ಲಿ ಸಾಕಿದ ಟ್ರೌಟ್ ಸಿಗುತ್ತದೆ, ಅದನ್ನು ಹುರಿಸಿಕೊಳ್ಳಿ. ನದಿಯದ್ದನ್ನು ನದಿಗೇ ಬಿಡಿ.

ಪಾಚಿ ಕಲ್ಲು ವಿಪರೀತ ಜಾರುತ್ತದೆ. ಫೆಲ್ಟ್ (ಒತ್ತಿ ಮಾಡಿದ ದಪ್ಪ ಬಟ್ಟೆ) ತಳದ ಬೂಟು, ಊರಿಕೊಳ್ಳಲು ಕೋಲು ಬೇಕು. ಮೊಣಕಾಲು ದಾಟಿ ಇಳಿಯಬೇಡಿ. ಪೋಲರಾಯ್ಡ್ ಕನ್ನಡಕ ಇದ್ದರೆ ನೀರೊಳಗಿನ ಮೀನು ಕಾಣುತ್ತದೆ, ಕಣ್ಣಿಗೆ ಕೊಕ್ಕೆ ತಗಲುವ ಭಯವೂ ಇಲ್ಲ. ವಿಮಾನದಲ್ಲಿ ಕೊಕ್ಕೆ, ಇಕ್ಕಳ ಎಲ್ಲ ಚೆಕ್-ಇನ್ ಬ್ಯಾಗಿಗೆ ಹಾಕಿ. ನಾಲ್ಕು ತುಂಡಿನ ರಾಡ್ ತೊಗೊಂಡರೆ ಅದೂ ಸೂಟ್‌ಕೇಸಿನಲ್ಲಿ ಓರೆಯಾಗಿ ಹಿಡಿಸಬಹುದು. ಫಿಲ್ಟರ್ ಕಾಫಿ ಇಲ್ಲದೆ ಆಗದವರು ಪುಡಿಯನ್ನೂ ಒಯ್ಯಿರಿ, ಅಲ್ಲಿ ಎಲ್ಲೆಡೆ ಚಹಾ.

ವಾಪಸ್ ಬರುವಾಗ ಔಟ್‌ನಿಂದ ನೇರ ವಿಮಾನಕ್ಕೆ ಓಡುವ ಲೆಕ್ಕ ಹಾಕಬೇಡಿ. ಒಂದು ಬಂಡೆ ರಸ್ತೆಗೆ ಉರುಳಿದರೂ ಗಂಟೆಗಟ್ಟಲೆ ನಿಲ್ಲಬೇಕಾಗುತ್ತದೆ. ಹಿಂದಿನ ರಾತ್ರಿಯೇ ಚಂಡೀಗಢ ಸೇರಿಕೊಳ್ಳಿ.