ಸಿಕ್ಸರ್ ಕೊಡುವವನಿಗೆ ವೈಡ್ ಕೊಡೋಕೆ ಬರಲ್ಲ

6 ಅಕ್ಟೋಬರ್ 2024, ಭಾನುವಾರ

ಗೊಂಬೆ ಕೂರಿಸಿ ನಾಲ್ಕು ದಿನ ಆಯ್ತು. ಮೆಟ್ಟಿಲೆಲ್ಲ ಅಮ್ಮನದು. ಪಟ್ಟದ ಗೊಂಬೆ, ಕಲಶ, ದಶಾವತಾರ, ಮದುವೆ ದಿಬ್ಬಣ. ಅಲ್ಲಿಗೆ ನಾವ್ಯಾರೂ ಕೈ ಹಾಕುವ ಹಾಗಿಲ್ಲ. ಕೆಳಗಿನ ನೆಲ ಮಾತ್ರ ಮಗಳದು. ಪ್ರತಿ ವರ್ಷ ರಾಗಿ ಪೈರು ಬೆಳೆಸಿ ಪಾರ್ಕು ಮಾಡುತ್ತಿದ್ದಳು. ಈ ಸಲ ಕ್ರಿಕೆಟ್ ಸ್ಟೇಡಿಯಂ ಬೇಕಂತೆ. ರಟ್ಟಿನ ಗ್ಯಾಲರಿ ಆಯ್ತು, ಬೆಂಕಿಕಡ್ಡಿ ಸ್ಟಂಪ್ ಆಯ್ತು. ಆಡೋಕೆ ಜನ ಬೇಕಲ್ಲ? ಚನ್ನಪಟ್ಟಣದ ಗೊಂಬೆಗಳು ಬ್ಯಾಟ್ ಹಿಡಿಯಲ್ಲ. ಹಾಗಾಗಿ ಅಟ್ಟದ ಮೇಲಿದ್ದ ನನ್ನ ಬಿಸ್ಕತ್ತಿನ ಡಬ್ಬ ಕೆಳಗಿಳಿಯಿತು.

ಡಬ್ಬದಲ್ಲಿರುವುದು ಎರಡು ಜಾತಿ. ಎರಡೂ 3.75 ಇಂಚು ಎತ್ತರ, ಅಂದರೆ ಸುಮಾರು ಒಂಬತ್ತೂವರೆ ಸೆಂಟಿಮೀಟರ್. ಒಂದು, ಕೆನ್ನರ್ ಕಂಪನಿಯ, ಸ್ಟಾರ್ ವಾರ್ಸ್ ಸಿನಿಮಾದ ಗೊಂಬೆಗಳು. ಅಮೆರಿಕದಲ್ಲಿದ್ದ ದೊಡ್ಡಪ್ಪನ ಮಗ ಆಡಿ ಬಿಟ್ಟದ್ದು, ಲಗೇಜಿನಲ್ಲಿ ಬಟ್ಟೆ ಮಧ್ಯೆ ಬಂದಿದ್ದವು. ಇನ್ನೊಂದು, ದಾವಣಗೆರೆಯಲ್ಲಿ ಹಬ್ಬದ ದುಡ್ಡು ಕೂಡಿಸಿ ನಾನೇ ಕೊಂಡ ಫನ್‌ಸ್ಕೂಲ್‌ನ ಜಿ.ಐ. ಜೋ ಸೈನಿಕ ಗೊಂಬೆ, ಓರೆ ಟೋಪಿಯ ಫ್ಲಿಂಟ್.

ಗ್ಯಾಲರಿಯಲ್ಲಿ ಕೂರಿಸುವಾಗಲೇ ವ್ಯತ್ಯಾಸ ಗೊತ್ತಾಯಿತು. ಸ್ಟಾರ್ ವಾರ್ಸ್ ಗೊಂಬೆಗೆ ಐದೇ ಕೀಲು. ಕತ್ತು, ಎರಡು ಭುಜ, ಎರಡು ತೊಡೆಸಂದು. ಮೊಣಕಾಲು ಮಡಚಲ್ಲ. ಕೂರಿಸಿದರೆ ಹಸುಗೂಸಿನ ಹಾಗೆ ಕಾಲು ನೆಟ್ಟಗೆ ಮುಂದಕ್ಕೆ ಚಾಚಿಕೊಂಡು ಕೂರುತ್ತದೆ. ಮುಂದಿನ ಸಾಲಿನವನ ಬೆನ್ನಿಗೆ ಒದೆ. ಬಿಳಿ ಕವಚದ ಸ್ಟಾರ್ಮ್‌ಟ್ರೂಪರ್‌ಗಂತೂ ನಾಲ್ಕೇ. ಅವನ ತಲೆ ಮೈಗೇ ಅಂಟಿಕೊಂಡಿದೆ, ತಿರುಗಲ್ಲ. ಚಿಕ್ಕವನಿದ್ದಾಗ ಅದು ಗೊತ್ತಿಲ್ಲದೆ, ಎಲ್ಲೋ ಬಿಗಿಯಾಗಿದೆ ಅಂದುಕೊಂಡು ಹಲ್ಲಲ್ಲಿ ಕಚ್ಚಿ ತಿರುಗಿಸಲು ನೋಡಿದ್ದೆ. ಹೆಲ್ಮೆಟ್ ಮೇಲೆ ಆ ಹಲ್ಲಿನ ಗುರುತು ಈಗಲೂ ಇದೆ.

ಫ್ಲಿಂಟ್ ಹಾಗಲ್ಲ. ಮೊಣಕಾಲು ಮಡಚಿ, ಸೊಂಟ ಸ್ವಲ್ಪ ಓರೆ ಮಾಡಿ, ಒಂದು ಕೈ ತೊಡೆ ಮೇಲಿಟ್ಟರೆ ಟೀ ಅಂಗಡಿ ಬೆಂಚಿನ ಮೇಲೆ ಕೂತ ಹಾಗೆ ಕೂತುಬಿಡುತ್ತಾನೆ.

"ಅಂಪೈರ್ ಯಾರು?" ಅಂತ ಮಗಳು ಕೇಳಿದಳು. ಅಲ್ಲಿಂದ ಶುರುವಾಗಿ ಒಂದು ಗಂಟೆ ಹೋಯ್ತು. ಮೊದಲು ಸ್ಟಾರ್ ವಾರ್ಸ್ ನಾಯಕ ಲ್ಯೂಕ್ ಸ್ಕೈವಾಕರ್‌ನನ್ನು ನಿಲ್ಲಿಸಿದೆವು. ಸಿಕ್ಸರ್? ಎರಡೂ ಕೈ ಮೇಲೆ, ಸಲೀಸು. ಬೈ? ಒಂದು ಕೈ ಮೇಲೆ, ಅದೂ ಆಯ್ತು. ವೈಡ್ ಕೊಡು ಅಂದರೆ ಮಾತ್ರ ಸಿಕ್ಕಿಬಿದ್ದ. ಅವನ ಭುಜದ ಕೀಲು ಗಡಿಯಾರದ ಮುಳ್ಳಿನ ಹಾಗೆ, ಒಂದೇ ಸುತ್ತಿನಲ್ಲಿ ಹಿಂದೆ ಮುಂದೆ ತಿರುಗುತ್ತದೆ. ಪಕ್ಕಕ್ಕೆ ಏಳಲ್ಲ. ನೋಬಾಲೂ ಇಲ್ಲ. ಫ್ಲಿಂಟ್‌ನ ತೋಳು ತಿರುಗುತ್ತದೆ, ಪಕ್ಕಕ್ಕೂ ಏಳುತ್ತದೆ. ಮೊಣಕೈ ಮಡಚುತ್ತಾನೆ, ಹಾಗಾಗಿ ಕೈಯನ್ನು ಭುಜದ ಹತ್ತಿರ ತಂದು ಶಾರ್ಟ್ ರನ್ ಕೂಡ ಕೊಟ್ಟ, ಹೆಚ್ಚುಕಡಿಮೆ. ಔಟ್ ಕೊಡೋಕೆ ಬೆರಳಿಲ್ಲ, ಇಬ್ಬರಿಗೂ.

ಕೆನ್ನರ್‌ನವರಿಗೆ ಕೀಲು ಮಾಡೋಕೆ ಬರುತ್ತಿರಲಿಲ್ಲ ಅಂತಲ್ಲ. 1978ರಲ್ಲಿ ಈ ಗೊಂಬೆಗಳು ಬಂದಾಗ ಅವರ ಕಣ್ಣು ಇದ್ದದ್ದು ಅಂತರಿಕ್ಷ ನೌಕೆಗಳ ಮೇಲೆ. ದೊಡ್ಡ ಗೊಂಬೆ ಮಾಡಿದ್ದರೆ ಅದು ಹಿಡಿಸುವ ನೌಕೆ ನಮ್ಮ ದಿವಾನದಷ್ಟಾಗುತ್ತಿತ್ತು. ಗೊಂಬೆ ಚಿಕ್ಕದು, ಕೆಲಸ ನೌಕೆಯೊಳಗೆ ಕೂರುವುದು. ಅಷ್ಟಕ್ಕೆ ಐದು ಕೀಲು ಧಾರಾಳ. ಲ್ಯೂಕ್‌ನ ತೋಳಿನೊಳಗಿಂದ ಹಳದಿ ಕತ್ತಿ ಜಾರಿ ಹೊರಬರುತ್ತದೆ, ಜಾಣತನ ಎಲ್ಲ ಅಲ್ಲಿ ಖರ್ಚಾಗಿದೆ. (ನನ್ನವನ ಕತ್ತಿಯ ತುದಿ ಎಂದೋ ಕಳೆದುಹೋಗಿದೆ.)

ಜಿ.ಐ. ಜೋನ ಕಥೆಯೇ ಬೇರೆ. 1964ರಲ್ಲಿ ಅಮೆರಿಕದ ಹ್ಯಾಸ್ಬ್ರೋ ಕಂಪನಿ ತಂದ ಮೊದಲ ಜೋ 12 ಇಂಚಿನವನು, ಮೈತುಂಬ ಕೀಲು. 1982ರಲ್ಲಿ ಅವನನ್ನು ಸ್ಟಾರ್ ವಾರ್ಸ್ ಅಳತೆಗೆ ಇಳಿಸಿದರು. ಎತ್ತರ ಬಿಟ್ಟುಕೊಟ್ಟರು, ಮೊಣಕೈ ಮೊಣಕಾಲು ಬಿಟ್ಟುಕೊಡಲಿಲ್ಲ. ಆದರೂ ಆ ವರ್ಷದ ಗೊಂಬೆಯಲ್ಲಿ ಒಂದು ಕೊರತೆ ಇತ್ತು. ಗೆಳೆಯನ ಹತ್ತಿರ ಅಂಥದ್ದು ಒಂದಿದೆ, ಕೈಯಲ್ಲಿ ಹಿಡಿದು ನೋಡಿದ್ದೇನೆ. ಮೊಣಕೈ ಮಡಚುತ್ತದೆ, ಆದರೆ ರಟ್ಟೆ ತಿರುಗಲ್ಲ. ಬಂದೂಕನ್ನು ಎದೆಗೆ ಅಡ್ಡವಾಗಿ ಎರಡು ಕೈಯಲ್ಲಿ ಹಿಡಿಸಲು ಹೋದರೆ ಎರಡನೇ ಕೈ ತಲುಪುವುದೇ ಇಲ್ಲ. 1983ರಲ್ಲಿ ಮೊಣಕೈಯ ಮೇಲೆ ಒಂದು ಸುತ್ತು ಕತ್ತರಿಸಿ ತಿರುಗುವ ಹಾಗೆ ಮಾಡಿದರು. ಸಂಗ್ರಹಕಾರರು ಸ್ವಿವೆಲ್ ಆರ್ಮ್ ಅನ್ನುವುದು ಇದಕ್ಕೇ. 1985ರಲ್ಲಿ ಕುತ್ತಿಗೆಗೆ ಗುಂಡು ಕೀಲು ಬಂತು, ತಲೆ ಎತ್ತಿ ಇಳಿಸುವ ಹಾಗಾಯಿತು. ನನ್ನನ್ನು ಕೇಳಿದರೆ ರಟ್ಟೆಯ ಆ ಸಣ್ಣ ಸುತ್ತೇ ದೊಡ್ಡ ಬದಲಾವಣೆ. ಅದಿಲ್ಲದಿದ್ದರೆ ಇವತ್ತು ಬ್ಯಾಟನ್ನು ಎರಡು ಕೈಯಲ್ಲಿ ಹಿಡಿಸೋಕೂ ಆಗುತ್ತಿರಲಿಲ್ಲ.

ಕೀಲು ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂತಾದರೆ ಟಕಾರಾ ಕಂಪನಿಯವರ ಮೈಕ್ರೋಮ್ಯಾನ್ ಗೊಂಬೆ ಗೆಲ್ಲಬೇಕಿತ್ತು. ಜಪಾನಿನಲ್ಲಿ 1974ರಲ್ಲೇ ಬಂದದ್ದು. 1976ರಿಂದ ಮೆಗೋ ಕಂಪನಿ ಅದನ್ನೇ ಮೈಕ್ರೊನಾಟ್ಸ್ ಅಂತ ಅಮೆರಿಕದಲ್ಲಿ ಮಾರಿತು. ಆ ಕಾಲಕ್ಕೇ ಮಣಿಕಟ್ಟು, ಪಾದ ಎಲ್ಲ ಆಡುತ್ತಿದ್ದವು! ಒಮ್ಮೆ ಒಂದನ್ನು ಹಿಡಿದಿದ್ದೆ. ಎಲ್ಲಿ ಮುರಿಯುತ್ತದೋ ಅಂತ ಉಸಿರು ಬಿಗಿಹಿಡಿದು ವಾಪಸ್ ಕೊಟ್ಟೆ. ಆಡೋಕೆ ಮನಸ್ಸೇ ಬರಲಿಲ್ಲ.

ಮುರಿಯೋ ಮಾತು ಬಂತಲ್ಲ. ಐದನೇ ಓವರ್‌ಗೆ ಫ್ಲಿಂಟ್‌ನ ಸೊಂಟ ತಿರುಗಿಸಿದಾಗ ಟಪ್ ಅಂತ ಸದ್ದಾಯಿತು. ಮೈ ಒಂದು ಕಡೆ, ಕಾಲು ಇನ್ನೊಂದು ಕಡೆ. ಮಗಳು ಕಿರುಚಿದಳು. ನಾನು ಮಾತ್ರ ಸ್ಕ್ರೂಡ್ರೈವರ್ ಹುಡುಕಲು ಹೋದೆ, ಯಾಕೆಂದರೆ ಈ ಗೊಂಬೆಯಲ್ಲಿ ನನಗೆ ಇಷ್ಟವಾಗುವುದು ಇದೇ. ಬೆನ್ನಿನಲ್ಲಿ ಒಂದೇ ಒಂದು ಸ್ಕ್ರೂ. ಬಿಚ್ಚಿದರೆ ಎದೆ ಎರಡು ಹೋಳು. ಒಳಗೆ ಒಂದು ಕರಿ ರಬ್ಬರ್ ಬಳೆ, ಓ-ರಿಂಗ್. ಎದೆಯೊಳಗಿನ ಗೂಟಕ್ಕೆ ಸಿಕ್ಕಿಸಿ, ಸೊಂಟದ ಮೂಲಕ ಇಳಿಸಿ, ಎರಡೂ ಕಾಲನ್ನು ಹಿಡಿದಿರುವ ಕಬ್ಬಿಣದ ಕೊಕ್ಕೆಗೆ ಹಾಕಿರುತ್ತಾರೆ. ಸೊಂಟ ತಿರುಗುವುದು, ಕಾಲು ನಿಲ್ಲುವುದು ಎಲ್ಲ ಆ ರಬ್ಬರಿನ ಎಳೆತದಿಂದಲೇ. ಮೂವತ್ತು ವರ್ಷಕ್ಕೆ ಅದು ಒಣಗಿ ಶ್ಯಾವಿಗೆಯ ಹಾಗೆ ತುಂಡಾಗಿತ್ತು.

ಕೆನ್ನರ್ ಗೊಂಬೆಯಲ್ಲಿ ಈ ಸುಖ ಇಲ್ಲ. ಎರಡು ಹೋಳು ಬೆಸೆದುಬಿಟ್ಟಿದ್ದಾರೆ, ಸ್ಕ್ರೂ ಇಲ್ಲ. ಲ್ಯೂಕ್‌ನ ಎಡಗಾಲು ಸಡಿಲವಾಗಿ ಎಷ್ಟೋ ವರ್ಷ ಆಯ್ತು, ಒಳಗೆ ಇಣುಕಿ ನೋಡುವ ದಾರಿಯೇ ಇಲ್ಲ. ಹಾಗಂತ ಅವನು ತುಂಡಾಗಿ ಬಿದ್ದದ್ದೂ ಇಲ್ಲ.

ಸದ್ಯಕ್ಕೆ ಮಗಳ ಜುಟ್ಟಿನ ಸಣ್ಣ ರಬ್ಬರನ್ನು ಎರಡು ಸುತ್ತು ಹಾಕಿ ಕೂರಿಸಿದೆ. ಸ್ಕ್ರೂ ಬಿಗಿ ಮಾಡುವಾಗ ಫ್ಲಿಂಟ್‌ನ ಹೆಬ್ಬೆರಳು ಮುರಿಯಿತು. ನನ್ನದೇ ತಪ್ಪು. ಬ್ಯಾಟನ್ನು ಕೈಯಿಂದ ತೆಗೆಯದೇ ಹಿಡಿದು ಅಮುಕಿದ್ದೆ. ಜೋಗಳ ಹೆಬ್ಬೆರಳು ಮೊದಲಿನಿಂದಲೂ ಅಷ್ಟೇ ನಾಜೂಕು. ಈಗ ಅವನು ನಿಲ್ಲುತ್ತಾನೆ, ಆದರೆ ಸೊಂಟ ಜೋಲು. ಮುಟ್ಟಿದರೆ ತೂರಾಡುತ್ತಾನೆ. ಅಮ್ಮ ಆರತಿ ತಟ್ಟೆ ಹಿಡಿದು ಬಂದವರು ಒಂದು ಕ್ಷಣ ನೋಡಿ, "ಇವನು ಕುಡಿದು ಬಂದಿದಾನಾ?" ಅಂದರು.

ನಾಳೆ ಎಸ್‌.ಜೆ.ಪಿ. ರಸ್ತೆಗೆ ಹೋಗಿ ಓ-ರಿಂಗ್ ತರಬೇಕು. ತುಂಡಾದದ್ದನ್ನು ಅಳತೆಗೆ ಅಂತ ಕವರಿನಲ್ಲಿ ಹಾಕಿಟ್ಟಿದ್ದೇನೆ. ಒಂದೇ ಅಳತೆ ನಂಬದೆ ಮೂರು ಥರದ್ದು ತರುವುದು ವಾಸಿ. ಅಲ್ಲಿವರೆಗೆ ಲ್ಯೂಕೇ ಅಂಪೈರ್. ಮಗಳು ಅವನ ಎರಡೂ ಕೈ ಮೇಲೆತ್ತಿ ನಿಲ್ಲಿಸಿ ಮಲಗಲು ಹೋಗಿದ್ದಾಳೆ. ಮುಂದಿನ ಓವರ್‌ಗೆ ಬೌಲರ್ ಯಾರು ಅಂತ ಇನ್ನೂ ತೀರ್ಮಾನ ಆಗಿಲ್ಲ.