'ನನ್ನ ಖಾಸಗಿ ವಿಚಾರ' ಎನ್ನುವ ಸಮರ್ಥನೆ

ಹಗರಣದಲ್ಲಿ ಸಿಕ್ಕಿಬಿದ್ದ ರಾಜಕಾರಣಿಗಳು ಮೊದಲು ಹೇಳುವುದು ಇದೆಲ್ಲ ವಿರೋಧಿಗಳ ಷಡ್ಯಂತ್ರ ಎಂದು. ವಿಡಿಯೊ ಹೊರಬಿದ್ದರೆ ಅದನ್ನು ತಿರುಚಲಾಗಿದೆ ಎನ್ನುತ್ತಾರೆ, ಸಂದೇಶ ಹೊರಬಿದ್ದರೆ ಖಾತೆ ಹ್ಯಾಕ್ ಆಗಿದೆ ಎನ್ನುತ್ತಾರೆ. ಇವು ಯಾವುವೂ ನಿಲ್ಲದಾದಾಗ ಬರುವ ಮಾತು, 'ಅದು ನನ್ನ ಖಾಸಗಿ ವಿಚಾರ'.

ಈ ಕೊನೆಯ ಮಾತನ್ನು ನಾನು ಸಾರಾಸಗಟಾಗಿ ತಳ್ಳಿಹಾಕುವುದಿಲ್ಲ. ವಯಸ್ಕರಿಬ್ಬರು ಪರಸ್ಪರ ಒಪ್ಪಿ ಇಟ್ಟುಕೊಂಡ ಸಂಬಂಧದಿಂದ ಆಗುವ ನೋವು ಆ ಮನೆಯವರಿಗೆ ಸೇರಿದ್ದೇ ಹೊರತು ಮತದಾರರಿಗಲ್ಲ. ಆದರೆ ತನ್ನ ಗುಟ್ಟನ್ನು ಕಾಯಲು ಹುದ್ದೆಯ ಬಲವನ್ನೂ ಕೈಕೆಳಗಿನವರ ಮರ್ಯಾದೆಯನ್ನೂ ಬಳಸಿಕೊಂಡವನಿಗೆ ಹಾಗೆನ್ನುವ ಅಧಿಕಾರ ಉಳಿಯುವುದಿಲ್ಲ.

2009ರ ಜೂನ್‌ನಲ್ಲಿ ಅಮೆರಿಕದ ಸೌತ್ ಕ್ಯಾರೊಲಿನಾದ ಗವರ್ನರ್ ಮಾರ್ಕ್ ಸ್ಯಾನ್‌ಫರ್ಡ್ ಕೆಲವು ದಿನ ಯಾರ ಸಂಪರ್ಕಕ್ಕೂ ಸಿಗಲಿಲ್ಲ. ಅವರು ಅಪಲಾಚಿಯನ್ ಬೆಟ್ಟಗಳಲ್ಲಿ ಚಾರಣಕ್ಕೆ ಹೋಗಿದ್ದಾರೆಂದು ಸಿಬ್ಬಂದಿ ಪತ್ರಕರ್ತರಿಗೆ ತಿಳಿಸಿದರು. ಗವರ್ನರ್ ಇದ್ದದ್ದು ಅರ್ಜೆಂಟೀನಾದಲ್ಲಿ, ಪ್ರೇಯಸಿಯ ಜೊತೆ. ಸಿಬ್ಬಂದಿಯ ಮುಂದೆ ತಾವೇ ಕಥೆ ಕಟ್ಟಿದ್ದಾಗಿ ಮರಳಿ ಬಂದ ಮೇಲೆ ಒಪ್ಪಿಕೊಂಡರು. 1998ರ ಜನವರಿಯಲ್ಲಿ ಅಧ್ಯಕ್ಷ ಬಿಲ್ ಕ್ಲಿಂಟನ್ ಶ್ವೇತಭವನದ ಯುವತಿಯೊಬ್ಬಳ ಜೊತೆ ತಮಗೆ ಸಂಬಂಧವಿಲ್ಲವೆಂದು ನಿರಾಕರಿಸಿದ್ದನ್ನು ನಂಬಿ ಸಂಪುಟದ ಹಿರಿಯರು ಕ್ಯಾಮೆರಾಗಳೆದುರು ಅವರ ಪರ ನಿಂತರು. ಆಗಸ್ಟ್ 17ರಂದು ಕ್ಲಿಂಟನ್ ಸಂಬಂಧವನ್ನು ಒಪ್ಪಿಕೊಂಡಾಗ ಅವರೆಲ್ಲರ ಮಾತೂ ಸುಳ್ಳಾಯಿತು. ಅಲ್ಲಿ ಎದುರಿಗಿದ್ದವಳು ಶ್ವೇತಭವನಕ್ಕೆ ಇಂಟರ್ನ್ ಆಗಿ ಸೇರಿದ್ದ, ಸಂಬಂಧ ಶುರುವಾದಾಗ 22 ವರ್ಷದವಳಾಗಿದ್ದ ಯುವತಿ. ಜಗತ್ತಿನ ಅತ್ಯಂತ ಬಲಶಾಲಿ ಹುದ್ದೆಯಲ್ಲಿರುವವನಿಗೂ ಅದೇ ಕಚೇರಿಯ ಕಿರಿಯಳಿಗೂ ನಡುವಿನದನ್ನು ಬರೀ ಖಾಸಗಿ ಎಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ಖಾಸಗಿತನದ ಹಕ್ಕನ್ನು ತಮಗಾಗಿ ಕೇಳುವ ರಾಜಕಾರಣಿಗಳು ಅದನ್ನು ಎದುರಿನ ಹೆಣ್ಣಿಗೂ ಕೇಳಿದ್ದನ್ನು ನಾನು ಕಂಡಿಲ್ಲ. ಹಗರಣದ ನಂತರ ಇಬ್ಬರ ಬದುಕು ಎಷ್ಟು ಬೇರೆಯಾಗುತ್ತದೆಂಬುದಕ್ಕೆ ಬ್ರಿಟನ್ನಿನ ಯುದ್ಧ ಖಾತೆಯ ಸಚಿವ ಜಾನ್ ಪ್ರೊಫ್ಯೂಮೊ ಅವರ ಪ್ರಕರಣವನ್ನೇ ನೋಡಬಹುದು. 19 ವರ್ಷದ ಕ್ರಿಸ್ಟೀನ್ ಕೀಲರ್ ಜೊತೆಗಿನ ಪರಿಚಯದಲ್ಲಿ ಅನುಚಿತವಾದದ್ದೇನೂ ನಡೆದಿಲ್ಲವೆಂದು ಅವರು 1963ರ ಮಾರ್ಚ್‌ನಲ್ಲಿ ಸಂಸತ್ತಿಗೆ ಹೇಳಿದರು, ಜೂನ್‌ನಲ್ಲಿ ಅದು ಸುಳ್ಳೆಂದು ಒಪ್ಪಿ ರಾಜೀನಾಮೆ ಕೊಟ್ಟರು. ಅವರನ್ನು ಕೆಡವಿದ್ದು ಆ ಸಂಬಂಧಕ್ಕಿಂತ ಹೆಚ್ಚಾಗಿ ಸದನದಲ್ಲಿ ಆಡಿದ ಸುಳ್ಳು. ನಂತರ ಅವರು ಪೂರ್ವ ಲಂಡನ್ನಿನ ಟಾಯ್ನ್‌ಬಿ ಹಾಲ್ ಎಂಬ ಸೇವಾಸಂಸ್ಥೆಯಲ್ಲಿ ದಶಕಗಳ ಕಾಲ ಸ್ವಯಂಸೇವಕರಾಗಿ ದುಡಿದರು. ಆ ಸೇವೆಯ ಬಗ್ಗೆ ನನಗೆ ನಿಜಕ್ಕೂ ಗೌರವವಿದೆ. 1975ರಲ್ಲಿ ಅವರಿಗೆ ಸಿಬಿಇ ಎಂಬ ಬ್ರಿಟನ್ನಿನ ರಾಷ್ಟ್ರೀಯ ಗೌರವ ಸಂದಿತು. ಕೀಲರ್ 1963ರ ಡಿಸೆಂಬರ್‌ನಲ್ಲಿ, ಬೇರೊಂದು ಮೊಕದ್ದಮೆಯಲ್ಲಿ ಸುಳ್ಳು ಸಾಕ್ಷ್ಯ ನುಡಿದದ್ದಕ್ಕಾಗಿ 9 ತಿಂಗಳ ಸೆರೆವಾಸದ ಶಿಕ್ಷೆಗೆ ಗುರಿಯಾದಳು. ಸಂಸತ್ತಿನಲ್ಲಿ ಸುಳ್ಳು ಹೇಳಿದ ಸಚಿವರು ಜೈಲಿಗೆ ಹೋಗಲಿಲ್ಲ.