ನಾಲ್ಕು ಬೋಲ್ಟಿನ ಮೇಲೆ ಒಂದು ಇಂಜಿನ್

11 ಫೆಬ್ರವರಿ 2024, ಭಾನುವಾರ ರಾತ್ರಿ

ಅಂತೂ ಇಂಜಿನ್ ಸ್ಟ್ಯಾಂಡ್ ಹತ್ತಿತು. ಸ್ಟ್ಯಾಂಡ್ ಅಂದ್ರೆ ಇಂಜಿನ್ನನ್ನ ಬೆನ್ನಿಂದ ಹಿಡಿದು ಬೇಕಾದ ಕಡೆ ತಿರುಗಿಸೋ ಕಬ್ಬಿಣದ ಚೌಕಟ್ಟು. ಹತ್ತಿತು ಅನ್ನೋದಕ್ಕಿಂತ ಎರಡು ಸಲ ಹತ್ತಿ ಒಂದು ಸಲ ಇಳೀತು ಅನ್ನಬೇಕು, ನಾಳೆ ಇನ್ನೊಂದು ಸುತ್ತಿನ ಕೆಲಸ ಬೇರೆ ಇದೆ, ಅದನ್ನ ಆಮೇಲೆ ಹೇಳ್ತೀನಿ. ಬೆನ್ನು ಹಿಡ್ಕೊಂಡಿದೆ, ಉಗುರು ಸಂದೀಲೆಲ್ಲ ಗ್ರೀಸು, ಎಷ್ಟು ತೊಳೆದ್ರೂ ಫೋನ್ ಕೈಯಲ್ಲಿ ಜಾರ್ತಾನೇ ಇದೆ.

ಹೊಸಬರಿಗೆ ಒಂದ್ಮಾತು, ಇದು ಮಾರಿಸ್ ಮೈನರ್ 1000 ಅನ್ನೋ ಹಳೇ ಇಂಗ್ಲಿಷ್ ಕಾರಿನ ಇಂಜಿನ್, ಎ ಸೀರೀಸ್ ಅನ್ನೋ ಜಾತೀದು, 948 ಸಿಸಿ. 1951ರಲ್ಲಿ ಆಸ್ಟಿನ್ ಎ30 ಜೊತೆ 803 ಸಿಸಿ ಆಗಿ ಬಂದಿದ್ದು, ಆಮೇಲೆ ಬೋರನ್ನ, ಅಂದ್ರೆ ಸಿಲಿಂಡರಿನ ಅಗಲಾನ, 58ರಿಂದ 62.9 ಮಿಲಿಮೀಟರಿಗೆ ಹಿಗ್ಗಿಸಿ 948 ಮಾಡಿದ್ರು. ಸ್ಟ್ರೋಕ್ ಮಾತ್ರ, ಅಂದ್ರೆ ಪಿಸ್ಟನ್ ಓಡಾಡೋ ದೂರ, ಅಲುಗಾಡ್ಲಿಲ್ಲ, 76.2 ಮಿಲಿಮೀಟರ್, ಅಂದ್ರೆ ಸರಿಯಾಗಿ 3 ಇಂಚು. ಈ ಇಂಚು ಅನ್ನೋದು ನೆನಪಿರ್ಲಿ, ಇವತ್ತು ನಾನು ಬೈಸ್ಕೊಂಡಿದ್ದೆಲ್ಲ ಅದ್ರಿಂದ್ಲೇ.

ನಿನ್ನೆ ಮಧ್ಯಾಹ್ನ ಕ್ರೇನ್‌ನಲ್ಲಿ ನೇತಾಡ್ತಿರೋವಾಗ್ಲೇ ಕ್ಲಚ್ ಬಿಚ್ಚಿ, ಇಂಜಿನ್ನಿನ ಹಿಂದಿರೋ ಭಾರದ ಚಕ್ರ ಫ್ಲೈವೀಲಿಗೂ ಅದು ಕೂರೋ ಕ್ರ್ಯಾಂಕಿಗೂ ಪಂಚಲ್ಲಿ ಗುರುತು ಹೊಡೆದು, ಬೋಲ್ಟ್ ಸಡಿಲಾಗದ ಹಾಗೆ ಮಡಚಿರೋ ಲಾಕ್ ಟ್ಯಾಬ್ ಕಿವಿಗಳನ್ನ ಚಾಣದಲ್ಲಿ ಬಿಡಿಸಿ ಫ್ಲೈವೀಲ್ ಇಳಿಸಿದ್ದೆ. ಇದನ್ನ ಮೊದ್ಲೇ ಮಾಡ್ಲೇಬೇಕು, ಸ್ಟ್ಯಾಂಡಿನ ತೋಳುಗಳು ಇಂಜಿನ್ನಿನ ಬೆನ್ನಿಗೇ ಕೂರೋದು, ಒಂದ್ಸಲ ಕೂತ್ವು ಅಂದ್ರೆ ಆ ಕಡೆಗೆ ಕೈ ಹೋಗಲ್ಲ. ಸರಪಳಿ ವಿಷ್ಯದಲ್ಲಿ ನಾನು ಹುಷಾರು, ಉದ್ದದ್ದೇ ಹಾಕಿದ್ದೆ. ಗಿಡ್ಡ ಸರಪಳಿ ಹಾಕಿ ಎರಡು ಎಳೆ ನಡುವೆ 120 ಡಿಗ್ರಿ ಬಂತು ಅಂದ್ರೆ ಒಂದೊಂದು ಎಳೆ ಮೇಲೂ ಪೂರ್ತಿ ಇಂಜಿನ್ ತೂಕ ಬೀಳತ್ತೆ, ಎರಡೆಳೆ ಇದ್ದೂ ಒಂದೇ ಎಳೆ ಇದ್ದ ಹಾಗೆ.

ಎಡವಟ್ಟಾಗಿದ್ದು ಬೋಲ್ಟಲ್ಲಿ. ಹಿಂದಿನ ಪ್ಲೇಟ್ ಬಿಚ್ಚಿದಾಗ ಸಿಕ್ಕಿದ ಬೋಲ್ಟುಗಳು ಗಿಡ್ಡ, ಸ್ಟ್ಯಾಂಡಿನ ತೋಳು ದಾಟಿ ಬ್ಲಾಕ್, ಅಂದ್ರೆ ಇಂಜಿನ್ನಿನ ಎರಕದ ಮೈ, ಮುಟ್ಟೋಕೇ ಸಾಕಾಗ್ತಿರ್ಲಿಲ್ಲ. ಅವನ್ನ ಬಿಚ್ಚಿದ್ದು 13ರ ಸ್ಪ್ಯಾನರಲ್ಲಿ, ಕೊಂಚ ಲೂಸ್ ಅನ್ನಿಸಿದ್ರೂ ಕೂತಿತ್ತು, ಹಾಗಾಗಿ ಎಂಟು ಎಂಎಂ ಬೋಲ್ಟೇ ಇರ್ಬೇಕು ಅಂದ್ಕೊಂಡು ಡಬ್ಬದಿಂದ ಉದ್ದದ ಎಂಟು ಎಂಎಂ ನಾಲ್ಕು ತಗೊಂಡೆ. ಬೆರಳಲ್ಲೇ ಎರಡು ಸುತ್ತು ಸಲೀಸಾಗಿ ಹೋಯ್ತು. ಆಮೇಲೆ ಹಿಡೀತು. ಕೊಳೆ ಇರ್ಬೇಕು ಅಂತ ಸ್ಪ್ಯಾನರ್ ಹಾಕಿ ಒತ್ತಿದೆ, ಕಿರ್ ಅಂತು, ಆದ್ರೂ ಒತ್ತಿದೆ. ಕತ್ತಲಾಗಿತ್ತು, ಹೇಗೋ ನಾಲ್ಕೂ ಬಿಗಿಯಾದ್ವು, ಸ್ಟ್ಯಾಂಡಿನೊಳಗೆ ತೂರಿಸಿ ಪಿನ್ ಹಾಕ್ದೆ. ಕ್ರೇನ್ ಸರಪಳಿ ಮಾತ್ರ ಬಿಚ್ಚಿರ್ಲಿಲ್ಲ. ಜಾಣತನ ಅಲ್ಲ ಅದು, ಸುಸ್ತಾಗಿತ್ತು ಅಷ್ಟೆ.

ಬೆಳಿಗ್ಗೆ ಚಿಕ್ಕಪ್ಪ ಬಂದ್ರು. ಲಾರಿ ಇಂಜಿನ್ ಬಿಚ್ಚಿ ಬಿಚ್ಚಿ ಬೆನ್ನು ಬಗ್ಗಿಸ್ಕೊಂಡ ಮನುಷ್ಯ, ಇಂಜಿನ್ ಕಡೆ ನೋಡೋ ಮುಂಚೆ ಬೋಲ್ಟಿನ ತಲೆ ನೋಡ್ತಾರೆ.

"ಇದ್ಯಾವ ಬೋಲ್ಟೋ ಮಗಾ?"

"ಎಂಟು ಎಂಎಂ ಚಿಕ್ಕಪ್ಪ. 13ರ ಸ್ಪ್ಯಾನರೇ ಕೂತಿತ್ತಲ್ಲ."

ಅವರೇನೂ ಮಾತಾಡ್ಲಿಲ್ಲ. ನಾನು ಬಿಚ್ಚಿಟ್ಟಿದ್ದ ಹಳೇ ಬೋಲ್ಟ್ ಒಂದು, ನನ್ನ ಡಬ್ಬದ್ದು ಒಂದು ತಗೊಂಡು, ಎರಡನ್ನೂ ಪಕ್ಕಪಕ್ಕ ಥ್ರೆಡ್ಡಿಗೆ ಥ್ರೆಡ್ ಹಚ್ಚಿ ಬಾಗಿಲ ಬೆಳಕಿಗೆ ಹಿಡಿದ್ರು. ಒಂದು ತುದೀಲಿ ಹಲ್ಲಿಗೆ ಹಲ್ಲು ಕೂತಿದೆ, ಇನ್ನೊಂದು ತುದಿಗೆ ಬರೋ ಹೊತ್ತಿಗೆ ಹಲ್ಲಿನ ಮೇಲೆ ಹಲ್ಲು ಹತ್ತಿ ನಿಂತಿದೆ, ನಡುವೆ ಬೆಳಕು ಕಾಣ್ತಿದೆ. ಹಳೇದು 5/16 ಇಂಚಿಂದು, ಇಂಚಿಗೆ 18 ಥ್ರೆಡ್, ಅಂದ್ರೆ ಎರಡು ಹಲ್ಲಿನ ನಡುವೆ 1.41 ಮಿಲಿಮೀಟರ್. ನಂದು 1.25. ದಪ್ಪ ಮಾತ್ರ 7.94ಕ್ಕೂ 8ಕ್ಕೂ ಕಣ್ಣಿಗೆ ವ್ಯತ್ಯಾಸಾನೇ ಗೊತ್ತಾಗಲ್ಲ. ತಲೇನೂ ಹಾಗೇ, ಅರ್ಧ ಇಂಚು ಅಂದ್ರೆ 12.7, ಅದಕ್ಕೇ 13ರ ಸ್ಪ್ಯಾನರ್ ಹೂಂ ಅಂದಿದ್ದು. ಎಲ್ಲಾ ಕಡೆ ಹತ್ತಿರ ಹತ್ತಿರ, ಎಲ್ಲೂ ಸರಿ ಇಲ್ಲ.

"ಅಂದ್ರೆ ರಾತ್ರಿಯೆಲ್ಲ ಇದು ಎರಡೆರಡು ಹಲ್ಲಲ್ಲಿ ಕಚ್ಕೊಂಡಿತ್ತು," ಅಂದ್ರು ಚಿಕ್ಕಪ್ಪ. ನಾನು ಸರಪಳಿ ಕಡೆ ನೋಡ್ದೆ. ಅದಕ್ಕೊಂದು ಕೈ ಮುಗೀಬೇಕು ಅನ್ನಿಸ್ತು.

ಮತ್ತೆ ಎತ್ತಿ, ಬಿಚ್ಚಿ, ಮೊದ್ಲಿಂದ. ಎರಡು ತೂತಿನ ಬಾಯಲ್ಲಿ ಥ್ರೆಡ್ ಮುದ್ದೆಯಾಗಿತ್ತು, ಚಿಕ್ಕಪ್ಪ ಥ್ರೆಡ್ ಕೊರೆಯೋ ಸರಿಯಾದ ಟ್ಯಾಪ್ ಹಾಕಿ ಕಾಲು ಸುತ್ತು ಮುಂದೆ, ಸ್ವಲ್ಪ ಹಿಂದೆ ಅಂತ ನಿಧಾನಕ್ಕೆ ಓಡಿಸಿದ್ರು. ಎರಕದ ಕಬ್ಬಿಣದ ಪುಡಿ ಕಪ್ಪಗೆ, ಕಾಡಿಗೆ ಥರ ಬರತ್ತೆ, ಅದ್ರ ಜೊತೆಗೆ ನಾನು ಕೆಡಿಸಿದ ಥ್ರೆಡ್ಡಿನ ಹೊಳೆಯೋ ಚೂರು ಎರಡು. ಒಳಗಡೆ ಪುಣ್ಯಕ್ಕೆ ಚೆನ್ನಾಗೇ ಇತ್ತು. ಆಮೇಲೆ ಒಂದು ಕಡ್ಡಿ ತೂತಿನೊಳಗೆ ಇಳಿಸಿ ಆಳ ನೋಡಿ, ತೋಳಿನ ದಪ್ಪ, ಸ್ಪೇಸರ್ ಪೈಪು, ವಾಷರು ಎಲ್ಲ ಕೂಡಿಸಿ, ಅದ್ರ ಮೇಲೆ ಬ್ಲಾಕಿನೊಳಗೆ ಕನಿಷ್ಠ ಬೋಲ್ಟ್ ದಪ್ಪದ ಒಂದೂವರೆಯಷ್ಟು, ಅಂದ್ರೆ 12 ಮಿಲಿಮೀಟರ್ ಇಳಿಯೋ ಹಾಗೆ ಉದ್ದ ಲೆಕ್ಕ ಹಾಕಿದ್ವಿ. ತೀರಾ ಉದ್ದ ಆದ್ರೂ ಕಷ್ಟ, ತಳಕ್ಕೆ ತಾಗಿ ಬೋಲ್ಟು ಬಿಗಿ ಅನ್ನಿಸತ್ತೆ, ತೋಳು ಮಾತ್ರ ಲೊಡಲೊಡ ಅಂತಿರತ್ತೆ. ಚಿಕ್ಕಪ್ಪನ ತಗಡಿನ ಡಬ್ಬದಲ್ಲಿ ತಲೆ ಮೇಲೆ ಆರು ಗೀಟು ಇರೋ ಇಂಚಿನ ಬೋಲ್ಟು ಸಿಕ್ವು, ಆರು ಗೀಟು ಅಂದ್ರೆ ಗ್ರೇಡ್ 8, ಗಟ್ಟಿ ಜಾತಿ. ಈ ಸಲ ಕೊನೇವರೆಗೂ ಬೆರಳಲ್ಲೇ ಹೋದ್ವು. ಆ ಸುಖ ಹೇಳಿದ್ರೆ ಅರ್ಥ ಆಗಲ್ಲ.

ತೂಕದ ನಡು ಎಲ್ಲಿದೆ ಅಂತ ನೋಡೋದರಲ್ಲಿ ಮಾತ್ರ ಇಬ್ರೂ ಸೋಮಾರಿಗಳಾದ್ವಿ. ಸ್ಟ್ಯಾಂಡಿನ ತಿರುಗೋ ಪೈಪಿನ ನೇರಕ್ಕೆ ಅದು ಬಂದ್ರೆ ಒಂದೇ ಕೈಯಲ್ಲಿ ತಿರುಗಿಸ್ಬಹುದು. ನಾವು ತೋಳುಗಳನ್ನ ಚೂರು ತಗ್ಗಿಸಿ ಕಟ್ಟಿದ್ವಿ, ಸಿಲಿಂಡರುಗಳ ಮೇಲಿನ ಭಾರದ ಮುಚ್ಚಳ, ಹೆಡ್ ಬೇರೆ ಇನ್ನೂ ಮೇಲೇ ಇತ್ತು, ಪಿನ್ ತೆಗೆದು ಒಂದ್ಚೂರು ವಾಲಿಸಿದ್ದೇ ತಡ ತಾನೇ ದಡಕ್ಕಂತ ಮಗುಚ್ಕೊಳ್ತು. ಕೈ ಹಿಂದೆ ಎಳ್ಕೊಂಡೆ. ಆಯಿಲ್ ಎಲ್ಲಾ ಸೋರಿದೆ ಅಂದ್ಕೊಂಡಿದ್ನಲ್ಲ, ಡಿಪ್‌ಸ್ಟಿಕ್ ತೂತಿಂದ ಕರ್ರಗೆ ಇಳಿದು ನನ್ನ ಎಡಗಾಲಿನ ಚಪ್ಪಲಿ ತುಂಬ್ತು. ಚಿಕ್ಕಪ್ಪ ನಕ್ಕಿದ್ದು ಇವತ್ತು ಅದೊಂದೇ ಸಲ.

ಆದ್ರೂ ಅದು ತಲೆಕೆಳಗಾಗಿ ನಿಂತಿದ್ದು ನೋಡಿ ಖುಷಿಯಾಯ್ತು, ಯಾಕಂದ್ರೆ ಸ್ಟ್ಯಾಂಡ್ ಬೇಕಾಗಿದ್ದೇ ಅದಕ್ಕೆ. ಇದ್ರಲ್ಲಿ ವಾಲ್ವ್ ತೆರೆಸೋ ಕ್ಯಾಮ್ ಶಾಫ್ಟ್ ಬ್ಲಾಕಿನೊಳಗೇ ಇರೋದು, ಅದ್ರ ಮೇಲೆ ಟ್ಯಾಪೆಟ್, ಟ್ಯಾಪೆಟ್ ಮೇಲೆ ಪುಶ್‌ರಾಡ್ ಅನ್ನೋ ಕಡ್ಡಿ, ಪುಶ್‌ರಾಡ್ ತೆಗೆದು ತಲೆಕೆಳಗು ಮಾಡಿದ್ರೆ ಟ್ಯಾಪೆಟ್‌ಗಳು ತಾವಾಗೇ ಕ್ಯಾಮಿಂದ ದೂರ ಸರಿದು ಅದನ್ನ ಹೊರಗೆ ಎಳೆಯೋಕೆ ದಾರಿ ಬಿಡ್ತವೆ. ನೆಲದ ಮೇಲೆ ಟೈರಿನೊಳಗೆ ಇಟ್ಕೊಂಡು ಇದನ್ನ ಮಾಡೋರಿದ್ದಾರೆ, ಅವರಿಗೆ ನಮಸ್ಕಾರ.

ಹೊರಡೋ ಮುಂಚೆ ಚಿಕ್ಕಪ್ಪ ಚಪ್ಪಲಿ ಮೆಟ್ಕೊಳ್ತಾ ಕೇಳಿದ್ರು, "ಆಯಿಲ್ ಪಂಪ್ ಬಿಚ್ಚಿಟ್ಟಿದೀಯ ತಾನೇ?"

ಎ ಸೀರೀಸಲ್ಲಿ ಆಯಿಲ್ ಪಂಪ್ ಇರೋದು ಬ್ಲಾಕಿನ ಬೆನ್ನಲ್ಲಿ, ಕ್ಯಾಮಿನ ಹಿಂತುದಿಯೇ ಅದನ್ನ ತಿರುಗಿಸೋದು. ಟಾರ್ಚ್ ಹಿಡಿದು ಹಿಂದೆ ಬಗ್ಗಿ ನೋಡ್ದೆ. ಪಂಪ್ ಅಲ್ಲೇ, ಎಡಗಡೆ ತೋಳಿನ ಹಿಂದಿಂದ ಅರ್ಧ ಇಣುಕ್ತಿತ್ತು.

ನಾಳೆ ಸಂಜೆ ಮತ್ತೆ ಕ್ರೇನ್.